ಅಣ್ಣಾರ, ಬಿಲ್ಲು ಫೋನಿಗೆ ಹಾಕ್ರಿ

ನಮ್ಮ ಮನೆ ಮಿಕ್ಸರ್‌ನ ಬಿಲ್ಲು ಈಗಲೂ ನನ್ನ ಹತ್ತಿರ ಇದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮಾಡದಲ್ಲಿ ಇಟ್ಟಿದ್ದೆ. ಒಂದು ಮಡಿಕೆ ಬಿದ್ದಿಲ್ಲ, ಒಂದು ಮೂಲೆ ಹರಿದಿಲ್ಲ. ಆದರೆ ಕಣ್ಣಿಗೆ ಕಾಣುವ ಒಂದಕ್ಷರವೂ ಅದರ ಮೇಲೆ ಇಲ್ಲ.

ಎರಡು ವರ್ಷದ ವಾರಂಟಿ ಇತ್ತು. 14ನೇ ತಿಂಗಳಲ್ಲಿ ಶೇಂಗಾ ಚಟ್ನಿ ಮಾಡುವಾಗ ಮೋಟರ್ ಸುಟ್ಟ ವಾಸನೆ ಬಂತು. ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಅಕ್ಕಾರ, ಇದು ಖಾಲಿ ಕಾಗದ ಐತ್ರಿ" ಅಂದ. ನನಗೆ ಸಿಟ್ಟು ಬಂತು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಖಾಲಿಯೇ. ಅವರ ಕಂಪ್ಯೂಟರ್ ಬದಲಾಗಿತ್ತಂತೆ, ಹಿಂದಿನ ಲೆಕ್ಕ ತೆಗೆಯಲು ಬರುವುದಿಲ್ಲ ಅಂದರು. ಮೋಟರ್ ವೈಂಡಿಂಗ್ ಮಾಡಿಸಲು 850 ರೂಪಾಯಿ ಕೈಯಿಂದ ಹೋಯಿತು.

ಅವತ್ತು ಸಂಜೆ ಸುಮ್ನೆ ಅಪ್ಪನ ಟ್ರಂಕು ತೆಗೆದೆ. 1983ರಲ್ಲಿ ಕೊಂಡ ಸೈಕಲ್ಲಿನ ಪಾವತಿ ಅದರಲ್ಲಿದೆ. ಕಾಗದ ಹಳದಿಯಾಗಿದೆ, ಆದರೆ ನೀಲಿ ಕಾರ್ಬನ್ನಿನ ಅಕ್ಷರ ಇನ್ನೂ ಓದಲು ಬರುತ್ತದೆ, ಫ್ರೇಮಿನ ನಂಬರ್ ಸಮೇತ. ಪೋಸ್ಟ್ ಆಫೀಸಿನ ಮುದ್ರೆ ಒತ್ತಿದ ರೇಡಿಯೋ ಲೈಸನ್ಸ್ ಪುಸ್ತಕವೂ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಹೋದಾಗ ನವನಗರಕ್ಕೆ ಎಲ್ಲಕ್ಕಿಂತ ಮೊದಲು ಬಂದದ್ದು ಈ ಟ್ರಂಕು. ಪರಿಹಾರಕ್ಕೆ ಅಲೆದವರಿಗೆ ಗೊತ್ತು, ಒಂದು ಚೀಟಿ ಕಡಿಮೆ ಬಿದ್ದರೆ ಎಷ್ಟು ಓಡಾಟ ಅಂತ. ಅಂಥ ಮನೆಯಲ್ಲಿ ಬೆಳೆದವಳಿಗೆ ಕಾಗದ ಬಿಡುವುದು ಸುಲಭದ ಮಾತಲ್ಲ.

ಈಗ ನವನಗರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಖಣ, ಇಳಕಲ್ ಸೀರೆ ಮಾರುತ್ತೇನೆ, ಕುಪ್ಪಸ ಹೊಲಿಯುತ್ತೇನೆ. ಬಿಲ್ಲು ಕೊಡುವವಳೂ ನಾನೇ, ಬಿಲ್ಲು ಕಳಕೊಂಡವಳೂ ನಾನೇ. ಮೂರು ವರ್ಷದಿಂದ ಕಾಗದದ ಬಿಲ್ಲು ಕಡಿಮೆ ಮಾಡುತ್ತಾ ಬಂದಿದ್ದೇನೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನುವುದನ್ನು ಬರೆಯುತ್ತೇನೆ.

ಬಿಲ್ಲು ಬೆಳ್ಳಗಾಗುವುದು ಯಾಕೆ

ಯಾವುದಾದರೂ ಸೂಪರ್ ಮಾರ್ಕೆಟ್ಟಿನ ಬಿಲ್ಲು ತೆಗೆದುಕೊಳ್ಳಿ. ನುಣುಪಾದ ಕಡೆ ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಆ ಮಷೀನಿನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೇ ಒಂದು ಬಣ್ಣದ ಲೇಪ ಹಚ್ಚಿರುತ್ತಾರೆ. ಮಷೀನಿನ ಬಿಸಿ ತಗುಲಿದ ಕಡೆ ಅದು ಕಪ್ಪಾಗುತ್ತದೆ, ಅಷ್ಟೇ. ನಾನು ಒಂದು ಹಳೇ ಕಿರಾಣಿ ಚೀಟಿಗೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿ ನೋಡಿದೆ. ಕ್ಷಣದಲ್ಲಿ ಇಡೀ ಚೀಟಿ ಮಸಿ ಬಳಿದಂತೆ ಆಯಿತು. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ.

ಬಿಸಿಯಿಂದ ಬಂದ ಅಕ್ಷರಕ್ಕೆ ಆಯುಷ್ಯ ಕಡಿಮೆ. ಸೆಖೆ, ಬೆಳಕು, ಎಣ್ಣೆ ಕೈ, ಸ್ಯಾನಿಟೈಸರ್, ಅಂಟು ಟೇಪು, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸ್ಕೂಟಿಯ ಡಿಕ್ಕಿಯಲ್ಲಿ, ತಗಡಿನ ಮಾಡಿನ ಕೆಳಗೆ ಇನ್ನೂ ಜಾಸ್ತಿ. ನಾನು ಜೋಪಾನ ಅಂದುಕೊಂಡು ಹಾಕಿದ್ದ ಪ್ಲಾಸ್ಟಿಕ್ ಕವರೂ ಬಿಲ್ಲಿಗೆ ವೈರಿಯೇ. ಕೆಲವು ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಹಾಕುವ ರಾಸಾಯನಿಕ ಆ ಲೇಪವನ್ನು ತಿನ್ನುತ್ತದೆ. ಅಂದರೆ ನನ್ನ ಮಿಕ್ಸರ್ ಬಿಲ್ಲು ಜೋಪಾನ ಮಾಡಿದ್ದಕ್ಕೇ ಬೇಗ ಹಾಳಾಗಿರಬಹುದು.

ಇನ್ನೊಂದು ಮಾತು. ಈ ಲೇಪದಲ್ಲಿ ಬಿಸ್ಫಿನಾಲ್ ಎ ಅನ್ನುವ ರಾಸಾಯನಿಕ ಬಳಸುತ್ತಾ ಬಂದಿದ್ದಾರೆ. ಮೈಯೊಳಗೆ ಹಾರ್ಮೋನಿನ ಹಾಗೆ ನಡೆದುಕೊಳ್ಳುವ ಪದಾರ್ಥ ಅದು. ಯುರೋಪಿನಲ್ಲಿ ಥರ್ಮಲ್ ಕಾಗದದಲ್ಲಿ ಅದರ ಬಳಕೆಗೆ 2020ರ ಜನವರಿಯಿಂದ ಕಡಿವಾಣ ಹಾಕಿದ್ದಾರೆ. ಹಾಗಂತ ಒಂದು ಚೀಟಿ ಮುಟ್ಟಿದರೆ ಏನೋ ಆಗಿಬಿಡುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಚಿಕ್ಕ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಒಲೆ ಹೊತ್ತಿಸಲು ಬಳಸಬೇಡಿ. ರದ್ದಿ ಪೇಪರಿನ ಗಂಟಿಗೂ ಬೆರೆಸಬೇಡಿ, ಮರುಬಳಕೆಯಲ್ಲಿ ಉಳಿದ ಒಳ್ಳೆಯ ಕಾಗದಕ್ಕೂ ಅದರ ಲೇಪ ಸೇರುತ್ತದೆ.

ಕಾಗದ ಬೇಡ ಅನ್ನಿ, ಬಿಲ್ಲು ಬೇಡ ಅನ್ನಬೇಡಿ

ಇದೇ ಮುಖ್ಯ. ನಮ್ಮಲ್ಲಿ "ಬಿಲ್ ಬ್ಯಾಡ್ರಿ" ಅಂದರೆ ಎರಡೂ ಬೇಡ ಅಂತ ಅರ್ಥ ಆಗಿಬಿಡುತ್ತದೆ. ಅಂಗಡಿಯವರಿಗೂ ಅದೇ ಬೇಕು ಕೆಲವು ಸಲ. "ಬಿಲ್ ಇಲ್ಲದಿದ್ರ ಇಷ್ಟಕ್ಕ ಕೊಡ್ತೀನ್ರಿ" ಅಂತ ನೂರು ಇನ್ನೂರು ಇಳಿಸುತ್ತಾರೆ. ಕೆಟ್ಟುಹೋಗುವ ಸಾಮಾನಿಗೆ ಆ ಆಸೆಗೆ ಬೀಳಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ಸಾಮಾನಿಗೆ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರದ ಪಟ್ಟಿಯಲ್ಲೇ ಬರುತ್ತದೆ. ಇನ್ನು, ಎಲೆಕ್ಟ್ರಾನಿಕ್ ದಾಖಲೆಗೆ ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ಬಂದದ್ದು 2000ದ ಐಟಿ ಕಾಯ್ದೆಯಿಂದ. ಫೋನಿನಲ್ಲಿರುವ ಬಿಲ್ಲು ಬಿಲ್ಲಲ್ಲ ಅಂತ ಯಾರಾದರೂ ಹೇಳಿದರೆ ಅವರು ಇಪ್ಪತ್ತು ವರ್ಷ ಹಿಂದಿದ್ದಾರೆ.

ಹೇಳುವುದಕ್ಕೂ ಹೊತ್ತು ಇದೆ. ಪ್ರಿಂಟ್ ಹೊರಗೆ ಬಂದ ಮೇಲೆ "ಕಾಗದ ಬ್ಯಾಡ" ಅಂದರೆ ಏನು ಉಪಯೋಗ? ಅದು ಹೇಗೂ ಕಸಕ್ಕೆ ಹೋಗುತ್ತದೆ. ಸಾಮಾನು ಕೌಂಟರಿನ ಮೇಲೆ ಇಡುವಾಗಲೇ ಹೇಳಿ: "ಅಣ್ಣಾರ, ಬಿಲ್ಲು ಫೋನಿಗೆ ಹಾಕ್ರಿ, ಪ್ರಿಂಟ್ ತೆಗೀಬ್ಯಾಡ್ರಿ." ಇಷ್ಟೇ. ಮೊದಲ ಒಂದೆರಡು ಸಲ ಮುಖ ನೋಡುತ್ತಾರೆ. ಆಮೇಲೆ ಅವರೇ ಕೇಳುತ್ತಾರೆ.

ಬಟ್ಟೆ, ಚಪ್ಪಲಿ, ಎಲೆಕ್ಟ್ರಾನಿಕ್ಸ್‌ನ ದೊಡ್ಡ ಮಳಿಗೆಗಳಲ್ಲಿ ಎಸ್ಸೆಮ್ಮೆಸ್ಸಿನಲ್ಲಿ ಲಿಂಕ್ ಬರುತ್ತದೆ. ಆ ಲಿಂಕನ್ನು ಅಲ್ಲೇ ನಿಂತು ತೆಗೆಯಿರಿ, ಪಿಡಿಎಫ್ ಇಳಿಸಿಕೊಳ್ಳಿ. ಲಿಂಕು ಇದೆಯಲ್ಲ ಅಂತ ಬಿಟ್ಟರೆ ಆರು ತಿಂಗಳ ಮೇಲೆ ಅದು ತೆರೆಯದೇ ಹೋಗಬಹುದು. ನನಗೆ ಒಂದು ಸಲ ಹಾಗಾಯಿತು. ಮಗನ ಶೂಗಳ ಬಿಲ್ಲು, ಪುಣ್ಯಕ್ಕೆ ಶೂ ಗಟ್ಟಿ ಇತ್ತು.

ನಡುವಿನ ಅಂಗಡಿಗಳು, ಅಂದರೆ ಹಾರ್ಡ್‌ವೇರ್, ಪೇಂಟು, ಮೊಬೈಲು, ಫ್ಯಾನು ಮಾರುವವರು, ಕಂಪ್ಯೂಟರಿನಲ್ಲೇ ಬಿಲ್ಲು ಮಾಡುತ್ತಾರೆ. ಅದರಲ್ಲೇ ಪಿಡಿಎಫ್ ಮಾಡಿ ವಾಟ್ಸಾಪಿಗೆ ಕಳಿಸಲು ಬರುತ್ತದೆ. ಎಷ್ಟೋ ಮಂದಿಗೆ ಅದು ಗೊತ್ತಿರುವುದಿಲ್ಲ, ಅಥವಾ ಗೊತ್ತಿದ್ದರೂ ಗಿರಾಕಿ ಜಾಸ್ತಿ ಇದ್ದಾಗ ಬೇಜಾರು. ಗಡಿಬಿಡಿ ಇಲ್ಲದ ಹೊತ್ತು ನೋಡಿ ಕೇಳಿ.

ಕಿರಾಣಿ, ಕಾಯಿಪಲ್ಲೆ, ಹಾಲು, ಇವಕ್ಕೆ ನಾನು ಏನೂ ಕೇಳುವುದಿಲ್ಲ. ಜಿಎಸ್‌ಟಿ ನಿಯಮದಲ್ಲೂ 200 ರೂಪಾಯಿಗಿಂತ ಕಡಿಮೆ ಖರೀದಿಗೆ, ಗಿರಾಕಿ ಕೇಳದಿದ್ದರೆ, ಬೇರೆ ಬೇರೆ ಬಿಲ್ಲು ಬೇಕಿಲ್ಲ. ಅಂಗಡಿಯವರು ದಿನದ ಕೊನೆಗೆ ಒಟ್ಟಿಗೆ ಒಂದು ಬರೆದುಕೊಂಡರೆ ಸಾಕು. ಸಾಬೂನಿಗೆ, ಬಿಸ್ಕೀಟಿಗೆ ಚೀಟಿ ಕೂಡಿಸಿ ಏನು ಮಾಡುವುದು? ಉದ್ರಿ ಇದ್ದರೆ ಮಾತು ಬೇರೆ. ನಮ್ಮ ಓಣಿಯ ಕಿರಾಣಿಯವರು ಖಾತೆ ಪುಸ್ತಕದಲ್ಲಿ ಬರೆದ ಮೇಲೆ ನಾನು ಆ ಪುಟದ ಫೋಟೋ ತೆಗೆದುಕೊಳ್ಳುತ್ತೇನೆ. ಅವರಿಗೆ ಬೇಸರವಿಲ್ಲ, ಜಗಳವೂ ಇಲ್ಲ.

ಫೋನ್ ನಂಬರ್ ಕೊಡಬೇಕಾ? ಕೊಡಲೇಬೇಕು ಅಂತ ಇಲ್ಲ. ನಂಬರ್ ಕೊಡದಿದ್ದರೆ ಬಿಲ್ಲೇ ಆಗುವುದಿಲ್ಲ ಅಂತ ಗಿರಾಕಿಗಳನ್ನು ಒತ್ತಾಯಿಸಬೇಡಿ ಅಂತ 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ನನ್ನ ಲೆಕ್ಕ ಸರಳ. ವಾರಂಟಿ ಇರುವ ಸಾಮಾನಾದರೆ ನಂಬರ್ ಕೊಡುತ್ತೇನೆ. ಅಕ್ಕಿ ಬೇಳೆಗೆ ಕೊಡುವುದಿಲ್ಲ. ಕೊಟ್ಟರೆ ದಿನಕ್ಕೆ ನಾಲ್ಕು ಆಫರ್ ಮೆಸೇಜು. ನಂಬರ್ ಕೊಡಲು ಮನಸ್ಸಿಲ್ಲ, ಬಿಲ್ಲು ಬೇಕು ಅಂದರೆ ಅವರ ಕಂಪ್ಯೂಟರ್ ಪರದೆಯದ್ದೇ ಫೋಟೋ ತೆಗೆದುಕೊಂಡರೂ ಇಲ್ಲದ್ದಕ್ಕಿಂತ ಮೇಲು.

ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ಲಲ್ಲ

ಇದನ್ನು ಗಿರಾಕಿಯಾಗಿ ಅಲ್ಲ, ಅಂಗಡಿಯವಳಾಗಿ ಕಲಿತೆ. ಹಿಂದಿನ ಪಂಚಮಿ ಹೊತ್ತಿಗೆ ಒಬ್ಬ ಅಕ್ಕ ಬಂದರು. "ನೋಡವ್ವ, 2,400 ಹಾಕೀನಿ, ಮೂರು ಕುಪ್ಪಸ ಕೊಡಬೇಕು, ಎರಡ ಕೊಟ್ಟೀಯಲ್ಲ" ಅಂತ ಫೋನ್ ತೋರಿಸಿದರು. 2,400 ಬಂದದ್ದು ನಿಜ. ಆದರೆ ಅದು ಎರಡು ಕುಪ್ಪಸದ ಹೊಲಿಗೆ ಮತ್ತು ಒಂದು ಸೀರೆಯ ಬಾಕಿ ಅಂತ ನನ್ನ ನೆನಪು. ಅವರ ನೆನಪು ಬೇರೆ. ಫೋನಿನಲ್ಲಿ ಏನಿದೆ? ನನ್ನ ಹೆಸರು, ದಿನ, ಹೊತ್ತು, ಮೊತ್ತ, ಆ ಪಾವತಿಯ ಗುರುತಿಗೆ 12 ಅಂಕಿಯ ಯುಟಿಆರ್ ನಂಬರ್. ಏನು ಕೊಂಡರು ಅಂತ ಎಲ್ಲೂ ಇಲ್ಲ. ಅರ್ಧ ತಾಸು ಮಾತಾಡಿ, ಕೊನೆಗೆ ಮೂರನೆಯ ಕುಪ್ಪಸವನ್ನು ನಾನೇ ಹೊಲಿದುಕೊಟ್ಟೆ. ಯಾರ ನೆನಪು ಸರಿ ಅಂತ ಇವತ್ತಿಗೂ ಗೊತ್ತಿಲ್ಲ.

ಯುಪಿಐ ತೋರಿಸುವುದು ರೊಕ್ಕ ಹೋದದ್ದನ್ನು. ಬಿಲ್ಲು ತೋರಿಸುವುದು ಆ ರೊಕ್ಕಕ್ಕೆ ಏನು ಬಂತು ಅನ್ನುವುದನ್ನು. ಎರಡನ್ನೂ ಒಟ್ಟಿಗೆ ಇಟ್ಟರೆ ಬಹಳ ಗಟ್ಟಿ. ಬಿಲ್ಲು ಸಿಗುವುದೇ ಇಲ್ಲ ಅನ್ನುವ ಕಡೆ ಒಂದು ಉಪಾಯ ಇದೆ. ಯುಪಿಐನಲ್ಲಿ ರೊಕ್ಕ ಹಾಕುವಾಗ ಟಿಪ್ಪಣಿ ಬರೆಯಲು ಒಂದು ಜಾಗ ಇರುತ್ತದೆ. ಅಲ್ಲಿ "ಎರಡು ಕುಪ್ಪಸ ಹೊಲಿಗೆ, ಸೀರೆ ಬಾಕಿ" ಅಂತ ನಾಲ್ಕು ಪದ ಬರೆಯಿರಿ. ಪಡೆದವರ ಹತ್ತಿರವೂ ಅದು ಉಳಿಯುತ್ತದೆ.

ಬಿಲ್ಲು ಫೋನಿಗೆ ಬಂದ ಕೂಡಲೇ ಅಂಗಡಿ ಬಿಡುವ ಮೊದಲು ಒಂದು ನಿಮಿಷ ಓದಿ. ಅಂಗಡಿಯ ಹೆಸರು, ದಿನಾಂಕ, ಸಾಮಾನಿನ ಮಾಡೆಲ್, ಸೀರಿಯಲ್ ನಂಬರ್. ಮೊಬೈಲಾದರೆ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್, ಬಿಲ್ಲಿನಲ್ಲಿ ಇರಲೇಬೇಕು. ಹೊಸ ಫೋನಿನಲ್ಲಿ *#06# ಒತ್ತಿದರೆ ಅದು ಕಾಣುತ್ತದೆ, ತಾಳೆ ನೋಡಿ. ಫೋನ್ ಕಳೆದು ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಬ್ಲಾಕ್ ಮಾಡಿಸುವಾಗ ಈ ನಂಬರ್ ಬೇಕೇ ಬೇಕು, ಬಿಲ್ಲು ಏರಿಸಲೂ ಅಲ್ಲಿ ಜಾಗ ಇದೆ.

ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಜಿಎಸ್‌ಟಿ ನಂಬರನ್ನೂ ನೋಡಿ. ಒಟ್ಟು 15 ಅಕ್ಷರ, ಅಂಕಿ. ಕರ್ನಾಟಕದ ಅಂಗಡಿಯಾದರೆ 29ರಿಂದ ಶುರು. ನಾನು ವರ್ಷಕ್ಕೆ ಎರಡು ಸಲ ರೈಲು ಹತ್ತಿ ಸೊಲ್ಲಾಪುರಕ್ಕೆ ಬಟ್ಟೆ ತರಲು ಹೋಗುತ್ತೇನೆ. ಅಲ್ಲಿನ ಬಿಲ್ಲು 27ರಿಂದ ಶುರುವಾಗುತ್ತದೆ, ಅದು ಮಹಾರಾಷ್ಟ್ರದ್ದು. ಆ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ. ಲಾಗಿನ್ ಬೇಕಿಲ್ಲ. ನಂಬರೇ ಇಲ್ಲದೆ ತೆರಿಗೆ ಮಾತ್ರ ಹಾಕಿದ್ದರೆ ಕೇಳಿ, ಸಂಕೋಚ ಬೇಡ. ತೆರಿಗೆಯೂ ಇಲ್ಲ, ನಂಬರೂ ಇಲ್ಲ ಅಂದರೆ ಅದೂ ಬಿಲ್ಲೇ. ನೋಂದಣಿ ಇಲ್ಲದ ನನ್ನಂಥ ಸಣ್ಣ ಅಂಗಡಿಯವರು ಕೊಡುವುದು ಅಂಥದ್ದೇ.

ಒಂದು ಎಚ್ಚರಿಕೆ, ಇದು ಎಲ್ಲಕ್ಕಿಂತ ಮೇಲಿನದು. ಬಿಲ್ಲು ಪಿಡಿಎಫ್ ಆಗಿ ಬರುತ್ತದೆ, ಇಲ್ಲವೇ ಫೋಟೋ ಆಗಿ ಬರುತ್ತದೆ. ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತ ಇದ್ದರೆ ಅದು ಬಿಲ್ಲಲ್ಲ, ನಿಮ್ಮ ಫೋನಿನೊಳಗೆ ನುಗ್ಗುವ ಆ್ಯಪ್. ಕರೆಂಟ್ ಬಿಲ್, ಗಾಡಿ ದಂಡ, ಮದುವೆ ಕರೆಯೋಲೆ ಅಂತ ವಾಟ್ಸಾಪಿಗೆ ಕಳಿಸಿ ಖಾತೆ ಖಾಲಿ ಮಾಡುವವರಿದ್ದಾರೆ. ನೀವು ಏನೂ ಕೊಳ್ಳದೆ ಬಿಲ್ಲು ಬಂತಾ? ಮುಟ್ಟಬೇಡಿ. ರೊಕ್ಕ ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಡುವುದು ದೊಡ್ಡದಲ್ಲ, ಸಿಗುವುದು ದೊಡ್ಡದು

ಮೊದಲ ವರ್ಷ ನಾನು ಬಿಲ್ಲುಗಳನ್ನು ವಾಟ್ಸಾಪಿನಲ್ಲೇ ಬಿಟ್ಟಿದ್ದೆ. ಶುಭೋದಯದ ಹೂಗಳು, ಕುಪ್ಪಸದ ಡಿಸೈನುಗಳು, ಸಂಬಂಧಿಕರ ಮಕ್ಕಳ ಹುಟ್ಟುಹಬ್ಬ, ಇವುಗಳ ನಡುವೆ ಫ್ಯಾನಿನ ಬಿಲ್ಲು ಹುಡುಕಲು ಒಂದು ತಾಸು ಬೇಕಾಯಿತು. ಅಪ್ಪನ ಟ್ರಂಕಿನಲ್ಲಿ ಐದು ನಿಮಿಷಕ್ಕೆ ಸಿಗುತ್ತಿತ್ತು. ಆವಾಗ ಅನ್ನಿಸಿತು, ಅಪ್ಪನದು ಕಾಗದದ ಮೋಹ ಅಲ್ಲ, ಜೋಡಿಸಿ ಇಡುವ ರೂಢಿ.

ಈಗ ಗೂಗಲ್ ಡ್ರೈವಿನಲ್ಲಿ ಒಂದೇ ಒಂದು ಫೋಲ್ಡರ್. ಅದರ ಹೆಸರು "ಟ್ರಂಕು". ಒಳಗೆ ಮತ್ತೆ ಹತ್ತು ಫೋಲ್ಡರ್ ಮಾಡಿಕೊಳ್ಳಬೇಡಿ, ಯಾವುದರಲ್ಲಿ ಹಾಕಿದೆ ಅಂತ ಮರೆಯುತ್ತೀರಿ. ಅದರ ಬದಲು ಫೈಲಿಗೆ ಸರಿಯಾದ ಹೆಸರು ಕೊಡಿ. ನಾನು ಬರೆಯುವುದು ಹೀಗೆ: "2025-08 ಫ್ಯಾನು ಅಂಗಡಿಗೆ ವಾರಂಟಿ 2027-08". ಮೊದಲು ಕೊಂಡ ವರ್ಷ ತಿಂಗಳು, ಆಮೇಲೆ ನಾವು ಮನೆಯಲ್ಲಿ ಕರೆಯುವ ಹೆಸರು, ಕೊನೆಗೆ ವಾರಂಟಿ ಮುಗಿಯುವ ದಿನ. ಕಂಪನಿಯ ಹೆಸರು ಬರೆದರೆ ನೆನಪಾಗುವುದಿಲ್ಲ. ನಮಗೆ ನೆನಪಿರುವುದು "ಫ್ಯಾನು" ಮಾತ್ರ. ಗೂಗಲ್ ಖಾತೆಗೆ 15 ಜಿಬಿ ಜಾಗ ಪುಕ್ಕಟೆ ಸಿಗುತ್ತದೆ. ಫೋಟೋ, ಮೇಲು ಎಲ್ಲ ಸೇರಿ ಅಷ್ಟು. ಬಿಲ್ಲುಗಳಿಗೆ ಅದು ಜಾಸ್ತಿಯೇ ಆಯಿತು. ಸರ್ಕಾರದ ಡಿಜಿಲಾಕರ್‌ನಲ್ಲೂ 1 ಜಿಬಿ ಜಾಗ ಕೊಡುತ್ತಾರೆ. ಸೀರೆಗಿಂತ ಬೆಲೆಬಾಳುವ ಸಾಮಾನಿನ ಬಿಲ್ಲು, ಅಂದರೆ ಫ್ರಿಜ್ಜು, ಗಾಡಿ, ಬಂಗಾರದ್ದು, ನಾನು ಅಲ್ಲೂ ಒಂದು ಪ್ರತಿ ಇಡುತ್ತೇನೆ.

ಭಾನುವಾರ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಹತ್ತು ನಿಮಿಷ ಇದಕ್ಕೆ. ಆ ವಾರ ಬಂದ ಬಿಲ್ಲು ಟ್ರಂಕಿಗೆ ಹಾಕುತ್ತೇನೆ. ಕೆಲವು ವಾರ ಏನೂ ಇರುವುದಿಲ್ಲ. ಫೋಲ್ಡರನ್ನು ಯಜಮಾನರ ಜೊತೆ ಶೇರ್ ಮಾಡಿದ್ದೇನೆ. ಇದನ್ನು ಮರೆಯಬೇಡಿ. ನನ್ನ ಫೋನು ಕಳೆದರೆ, ಅಥವಾ ನಾನು ಊರಲ್ಲಿ ಇಲ್ಲದಾಗ ಫ್ರಿಜ್ಜು ಕೆಟ್ಟರೆ, ಇನ್ನೊಬ್ಬರಿಗೂ ಬಿಲ್ಲು ಸಿಗಬೇಕಲ್ಲ.

ಕಾಗದದ ಬಿಲ್ಲೇ ಕೈಗೆ ಬಂದರೆ ಅವತ್ತೇ ಫೋಟೋ ತೆಗೆಯಿರಿ, ನಾಳೆ ಬೇಡ. ಡ್ರೈವ್ ಆ್ಯಪಿನಲ್ಲಿ ಸ್ಕ್ಯಾನ್ ಅಂತ ಇದೆ, ಅಂಚು ಕತ್ತರಿಸಿ ನೀಟಾದ ಪಿಡಿಎಫ್ ಮಾಡಿಕೊಡುತ್ತದೆ. ಬಿಲ್ಲನ್ನು ಗಾಢ ಬಣ್ಣದ ಬಟ್ಟೆಯ ಮೇಲೆ ಹರಡಿ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ನುಣುಪು ಕಾಗದ ಹೊಳೆದು ನಡುವಿನ ಅಕ್ಷರ ಹೋಗುತ್ತದೆ. ನಾನು ಕಪ್ಪು ಖಣದ ತುಂಡು ಒಂದನ್ನು ಇದಕ್ಕೇ ಇಟ್ಟಿದ್ದೇನೆ. ಸಾಮಾನಿನ ಹಿಂದೆ ಅಂಟಿಸಿದ ಸ್ಟಿಕ್ಕರಿನ ಫೋಟೋವನ್ನೂ ಜೊತೆಗೆ ತೆಗೆದಿಡಿ.

ಕರೆಂಟ್ ಕೊಡುವ ಹೆಸ್ಕಾಂನ ಮೀಟರ್ ಓದುವವರು ಕೊಡುವ ಉದ್ದ ಚೀಟಿಯೂ ಇದೇ ಥರ್ಮಲ್ ಜಾತಿಯದು. ಮನೆಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಂದರೂ ಅಂಗಡಿಗೆ ಬಿಲ್ಲು ಇದೆ. ಒಂದು ಸಲ ಖಾತೆ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಆನ್‌ಲೈನಿನಲ್ಲೇ ನೋಡಬಹುದು, ಕಟ್ಟಬಹುದು. ಎಟಿಎಂನಲ್ಲಿ ಚೀಟಿ ಬೇಕಾ ಅಂದರೆ ಬೇಡ ಒತ್ತಿ, ಮೆಸೇಜು ಬರುತ್ತದೆ. ರೈಲಿನ ಜನರಲ್ ಟಿಕೆಟ್ಟೂ ಈಗ ರೈಲ್ವೆಯ ಆ್ಯಪಿನಲ್ಲೇ ಸಿಗುತ್ತದೆ, ಆದರೆ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತ ಮೇಲೆ ಅಲ್ಲ, ಮನೆಯಿಂದಲೇ ತೆಗೆಯಬೇಕು.

ಕಾಗದವೇ ಬೇಕಾದ ಕಡೆ

ಎಲ್ಲವನ್ನೂ ಫೋನಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಮುಧೋಳ ಕಡೆಯ ಹಳ್ಳಿಯಲ್ಲಿ ನಮ್ಮಣ್ಣ ಒಕ್ಕಲುತನ ಮಾಡುತ್ತಾನೆ. ಅವನಿಗೆ ನಾನು ಮೊದಲು ಹೇಳಿದ್ದೇ ಬೀಜದ ಬಿಲ್ಲಿನ ಮಾತು. ಬೀಜ ಹುಟ್ಟದಿದ್ದರೆ ಬಿಲ್ಲಿನ ಮೇಲೆ ತಳಿ, ಲಾಟ್ ನಂಬರ್ ಇದ್ದರೆ ಮಾತ್ರ ದೂರಿಗೆ ಬಲ. ಖಾಲಿ ಚೀಲ, ಅದರ ಟ್ಯಾಗು, ಅಂಗಡಿಯವರ ಸಹಿ ಇರುವ ಬಿಲ್ಲು, ಮೂರನ್ನೂ ಸುಗ್ಗಿ ಮುಗಿಯುವ ತನಕ ಇಟ್ಟುಕೋ ಅಂದೆ. ಜೊತೆಗೆ ಫೋಟೋನೂ ತೆಗಿ ಅಂದೆ. "ನಿನ್ನ ಹೊಸಾ ಶಾಣ್ಯಾತನ" ಅಂತ ನಕ್ಕ. ಆದರೆ ತೆಗೆದು ಕಳಿಸಿದ.

ಆಸ್ಪತ್ರೆಯ ಬಿಲ್ಲು ಕೂಡ ಹಾಗೆ. ವಿಮೆಯ ರೊಕ್ಕ ಆಮೇಲೆ ವಾಪಸ್ ತೆಗೆದುಕೊಳ್ಳುವುದಿದ್ದರೆ ಮೂಲ ಬಿಲ್ಲು, ಔಷಧದ ಚೀಟಿ, ರಿಪೋರ್ಟು ಕೇಳುತ್ತಾರೆ. ಬಂಗಾರದ ಬಿಲ್ಲು, ಸಾಲ ತೀರಿದ ಪತ್ರ, ಆಸ್ತಿ ತೆರಿಗೆಯ ಪಾವತಿ, ಇವು ಕಾಗದದಲ್ಲೂ ಇರಲಿ. ಬಂಗಾರಕ್ಕೆ ಈಗ ಎಚ್‌ಯುಐಡಿ ಅಂತ 6 ಅಕ್ಷರದ ಗುರುತು ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಂಗಡಿಯಲ್ಲೇ ತಾಳೆ ನೋಡಬಹುದು. ಬಸ್ಸಿನಲ್ಲಿ ನಮಗೆ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಟಿಕೆಟ್ಟು, ಅದರ ಮೇಲೆ ಸೊನ್ನೆ ರೂಪಾಯಿ. ಸೊನ್ನೆಯೇ ಇದ್ದರೂ ಇಳಿಯುವ ತನಕ ಕೈಯಲ್ಲಿರಲಿ.

ನನ್ನ ಅಂಗಡಿಯಲ್ಲಿ

ಹೊಲಿಗೆಯವರ ಬಿಲ್ಲು ಪುಸ್ತಕ ನೋಡಿದ್ದೀರಲ್ಲ? ಪ್ರತಿ ಹಾಳೆಗೂ ಬಟ್ಟೆಯ ಒಂದು ಚೂರು ಕತ್ತರಿಸಿ ಪಿನ್ ಹಚ್ಚಿರುತ್ತೇವೆ. ಅದೇ ಗುರುತು. ಬರೀ ನಂಬರ್ ನೋಡಿದರೆ ಯಾರ ಕುಪ್ಪಸ ಅಂತ ಗೊತ್ತಾಗದು, ಚೂರು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಈ ಚೂರನ್ನು ಫೋನಿಗೆ ಹೇಗೆ ಹಾಕುವುದು ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ಉತ್ತರ ಎಷ್ಟು ಸಣ್ಣದಿತ್ತೆಂದರೆ ನಾಚಿಕೆ ಆಗಬೇಕು. ಈಗ ಬಟ್ಟೆ ಕೌಂಟರಿನ ಮೇಲೆ ಹರಡುತ್ತೇನೆ. ಅದರ ಮೇಲೆ ಅಳತೆ ಬರೆದ ಪಾಟಿ ಇಡುತ್ತೇನೆ, ಮಗಳ ಹಳೇ ಶಾಲೆಯ ಪಾಟಿ. ಹೆಸರು, ಅಳತೆ, ದರ, ಮುಂಗಡ, ಕೊಡುವ ದಿನ ಅದರಲ್ಲಿ ಸುಣ್ಣದ ಬಳಪದಿಂದ. ಒಂದು ಫೋಟೋ. ಗಿರಾಕಿಗೂ ಅದೇ ಹೋಗುತ್ತದೆ, ನನ್ನಲ್ಲೂ ಅದೇ ಉಳಿಯುತ್ತದೆ. ಪಂಚಮಿಯ ಆ ಮೂರನೇ ಕುಪ್ಪಸದ ಜಗಳ ಮತ್ತೆ ಬಂದಿಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. ಅದರಲ್ಲಿ ಗಿರಾಕಿಗಳಿಗೆ "ಮುಂಗಡ ಬಂದಿದೆ", "ಬಾಕಿ ಇದೆ" ಅಂತ ಬಣ್ಣದ ಲೇಬಲ್ ಹಚ್ಚಲು ಬರುತ್ತದೆ. ನನಗೆ ಇಷ್ಟು ಸಾಕು. ಹಿಂದೆ ಲಗ್ನದ ಸೀಸನ್ನಿನಲ್ಲಿ ತಿಂಗಳಿಗೆ ಎರಡು ಬಿಲ್ ಪುಸ್ತಕ ಮುಗಿಯುತ್ತಿದ್ದವು. ಈಗ ಒಂದು ಪುಸ್ತಕ ನಾಲ್ಕು ತಿಂಗಳು ಬರುತ್ತದೆ. ಆ ಒಂದು ಬೇಕು. ಹಳ್ಳಿಯಿಂದ ಬರುವ ಅಜ್ಜಿಯರಿಗೆ ಫೋನ್ ಇರುವುದಿಲ್ಲ, ಇದ್ದರೂ ಬಟನ್ ಫೋನು. "ನನಗ ಚೀಟಿ ಬರದು ಕೊಡವ್ವ" ಅಂದರೆ ಬರೆದುಕೊಡುತ್ತೇನೆ, ಬಾಲ್ ಪೆನ್ನಿನಲ್ಲಿ. ಅವರು ಅದನ್ನು ಎಲೆ ಅಡಿಕೆ ಚೀಲದಲ್ಲಿ ಮಡಚಿ ಇಟ್ಟುಕೊಳ್ಳುತ್ತಾರೆ. ಇವತ್ತಿನವರೆಗೆ ಒಬ್ಬ ಅಜ್ಜಿಯೂ ಕಳಕೊಂಡಿಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ನಮ್ಮ ಬಜಾರಿನಲ್ಲೂ ಬಹಳ ಹೆದರಿದರು. ಕೆಲವರು ಕ್ಯೂಆರ್ ಬೋರ್ಡನ್ನೇ ತೆಗೆದರು. ಫೋನಿನಲ್ಲಿ ಬಿಲ್ಲು ಅಂದರೆ ಸಿಕ್ಕಿಬೀಳುವ ದಾರಿ ಅಂತ ಒಬ್ಬ ಅಣ್ಣ ನನಗೆ ಬುದ್ಧಿ ಹೇಳಿದ. ನನಗೆ ಉಲ್ಟಾ ಅನ್ನಿಸಿತು. ಖಾತೆಗೆ ಬಂದ ರೊಕ್ಕ ಹೇಗೂ ಕಾಣುತ್ತದೆ. ತಂಗಿ ಕಳಿಸಿದ ಕೈಗಡ ಯಾವುದು, ಸೀರೆ ಮಾರಿದ್ದು ಯಾವುದು ಅಂತ ಬೇರೆ ಮಾಡಿ ತೋರಿಸಲು ನನ್ನ ಹತ್ತಿರ ಇರುವುದು ಈ ಬಿಲ್ಲುಗಳೇ ಅಲ್ವಾ?

ಇಷ್ಟೆಲ್ಲ ಮಾಡಿದ ಮೇಲೂ ಅಂಗಡಿಯವರು ವಾರಂಟಿ ಕೊಡಲ್ಲ ಅಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಇ-ಜಾಗೃತಿ ಪೋರ್ಟಲಿನಲ್ಲಿ ಕೂತಲ್ಲೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಬಹುದು. ತಕರಾರು ಎದ್ದ ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅಲ್ಲಿ ಬಿಲ್ಲಿನ ಪಿಡಿಎಫ್ ಏರಿಸಬೇಕಾಗುತ್ತದೆ. ಮೂಲ ಮೆಸೇಜನ್ನು ಫೋನಿನಿಂದ ಅಳಿಸಬೇಡಿ, ಯಾವ ನಂಬರಿನಿಂದ ಯಾವಾಗ ಬಂತು ಅನ್ನುವುದೂ ಬೇಕಾಗಬಹುದು.

ಕೊನೆಗೆ, ಮನೆಯಲ್ಲಿ ಈಗಾಗಲೇ ಇರುವ ಹಳೇ ಚೀಟಿಗಳು. ಡಬ್ಬಿ, ಪರ್ಸು, ಗಾಡಿಯ ಡಿಕ್ಕಿ, ಎಲ್ಲ ಬರಿದು ಮಾಡಿ ಚಾಪೆಯ ಮೇಲೆ ಸುರಿಯಿರಿ. ವಾರಂಟಿ ಮುಗಿದದ್ದು ಎಸೆಯಿರಿ. ಅರ್ಧ ಮಾಸಿದ್ದನ್ನು ಇವತ್ತೇ ಸ್ಕ್ಯಾನ್ ಮಾಡಿ. ಪೂರ್ತಿ ಮಾಸಿದಂತೆ ಕಂಡರೂ ಕೈ ಬಿಡಬೇಡಿ. ಫೋಟೋ ತೆಗೆದು, ಗ್ಯಾಲರಿಯಲ್ಲಿ ಎಡಿಟ್ ಒತ್ತಿ, ಬೆಳಕು ಇಳಿಸಿ, ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ. ಕೆಲವು ಸಲ ನಸುಗೆಂಪಾಗಿ ಅಕ್ಷರ ಮೇಲೆ ಬರುತ್ತದೆ. ನಮ್ಮ ಪಕ್ಕದ ಮನೆಯವರ ಗೀಸರ್ ಬಿಲ್ಲು ಹಾಗೆ ಉಳಿಯಿತು. ನನ್ನ ಮಿಕ್ಸರ್ ಬಿಲ್ಲಿಗೂ ಅದನ್ನೇ ಮಾಡಿದೆ. ದಿನಾಂಕ ಬರಲಿಲ್ಲ, ಮಾಡೆಲ್ ಬರಲಿಲ್ಲ, ಮೊತ್ತ ಬರಲಿಲ್ಲ. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದ ಒಂದೇ ಸಾಲು ಕಂಡಿತು: "ಧನ್ಯವಾದಗಳು, ಮತ್ತೆ ಬನ್ನಿ."